ಒಂದನೇ ಕುಲುಮೆಯ ತೊಂಬತ್ತನಾಲ್ಕು ಜನ

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ನೀನು ಫೋನ್ ಎತ್ತಿದಾಗಲೆಲ್ಲ ಹಿಂದೆ ಯಾರಾದರೊಬ್ಬರು ಮೈಕ್ ಪರೀಕ್ಷೆ ಮಾಡುತ್ತಿರುತ್ತಾರೆ. ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ, ಇನ್ನರ್ಧ ನೀನು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿ ಮಡಚಿಡು. ನಿಮ್ಮ ಪಕ್ಷದ ಕಚೇರಿಯ ಮೇಜಿನ ಮೇಲೆ ಬಿಟ್ಟುಹೋಗಬೇಡ.

ನಿನ್ನ ಭಾವನ ಕಾರ್ಖಾನೆಯಲ್ಲಿ ಒಂದನೇ ಕುಲುಮೆಯನ್ನು ಆರಿಸಿಬಿಟ್ಟಿದ್ದಾರೆ. ಬಾಟಲಿ ಕಾರ್ಖಾನೆಯ ಕುಲುಮೆ ಅಂದರೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವ ಅಡುಗೆಮನೆಯ ಒಲೆಯಲ್ಲ. ಹನ್ನೊಂದು ವರ್ಷದಲ್ಲಿ ಅದು ಒಂದು ದಿನವೂ ಆರಿರಲಿಲ್ಲ. ಹೋದ ತಿಂಗಳು ಹದಿನೆಂಟನೇ ತಾರೀಖು ಬೆಳಗಿನ ಪಾಳಿಗೆ ಹೋದವರ ಕೈಗೆ ಗೇಟಿನಲ್ಲೇ ಚೀಟಿ ಕೊಟ್ಟರು: ‘ಕುಲುಮೆ ರಿಪೇರಿಯಲ್ಲಿದೆ. ಮುಂದಿನ ಸೂಚನೆಯವರೆಗೆ ಕೆಲಸಕ್ಕೆ ಬರತಕ್ಕದ್ದಲ್ಲ.’ ಮೂರು ಪಾಳಿ ಸೇರಿ ತೊಂಬತ್ತನಾಲ್ಕು ಜನ, ನಿನ್ನ ಭಾವನೂ ಅವರಲ್ಲೊಬ್ಬರು. ಕಾರ್ಖಾನೆಯಲ್ಲಿರುವವರು ಒಟ್ಟು ನಾನೂರ ಹನ್ನೆರಡು. ಉಳಿದ ಮುನ್ನೂರ ಹದಿನೆಂಟು ಜನ ಎಂದಿನಂತೆ ಹೋಗಿಬರುತ್ತಿದ್ದಾರೆ, ಎರಡನೇ ಕುಲುಮೆ ಎಂದಿನಂತೆ ಉರಿಯುತ್ತಿದೆ.

ರಿಪೇರಿ ಅನ್ನುವುದು ಶುದ್ಧ ಸುಳ್ಳು. ಹೇಗೆ ಅಂತ ನಿನ್ನ ಭಾವ ನನಗೆ ತಟ್ಟೆ ಲೋಟ ಇಟ್ಟು ತೋರಿಸಿದರು. ರಿಪೇರಿಗೆ ಆರಿಸುವುದಾದರೆ ಮೊದಲು ತಳದ ತೂತು ತೆಗೆದು ಕರಗಿದ ಗಾಜನ್ನೆಲ್ಲ ಹೊರಗೆ ಹರಿಸಬೇಕು. ಹರಿಸದೆ ಆರಿಸಿದರೆ ಗಾಜು ಒಳಗೇ ಗಟ್ಟಿಯಾಗಿ ಇಟ್ಟಿಗೆಗಳನ್ನು ಸೀಳುತ್ತದೆ. ಆಮೇಲೆ ಅದನ್ನು ಒಡೆದು ಹಾಕುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಇವರು ಹೊಟ್ಟೆ ತುಂಬ ಗಾಜು ಇರುವಾಗಲೇ ಆರಿಸಿದ್ದಾರೆ. ಅಂದರೆ ಅದನ್ನು ಮತ್ತೆ ಹಚ್ಚುವ ಯೋಚನೆ ಅವರಿಗೆ ಎಳ್ಳಷ್ಟೂ ಇಲ್ಲ. ಮುಚ್ಚಿದೆವು ಅಂದರೆ ತೊಂಬತ್ತನಾಲ್ಕು ಜನಕ್ಕೂ ಪರಿಹಾರ ಕೊಡಬೇಕು, ರಿಪೇರಿ ಅಂದರೆ ಏನೂ ಕೊಡಬೇಕಾಗಿಲ್ಲ. ವಿಷಯ ಇಷ್ಟೇ.

ತೊಂಬತ್ತನಾಲ್ಕೂ ಜನ ಸಹಿ ಹಾಕಿ ಶಾಸನಸಭೆಯ ಕಾರ್ಮಿಕ ಸಮಿತಿಗೆ ಅರ್ಜಿ ಕಳಿಸಿದ್ದಾರೆ. ಜೂನ್ ಹೊತ್ತಿಗೆ ಸಮಿತಿ ಬಂದು ನೋಡುತ್ತದಂತೆ. ಅದರಲ್ಲಿ ನಿಮ್ಮ ಪಕ್ಷದವರೂ ಇಬ್ಬರಿದ್ದಾರೆ. ಅವರಿಗೆ ಒಂದೇ ಒಂದು ಮಾತು ಹೇಳು: ಒಂದನೇ ಕುಲುಮೆಯ ಒಳಗೆ ಇಣುಕಿ ನೋಡಿ ಅಂತ. ನೋಡಿದವರಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂದರೆ ನೀನು ನಂಬುವುದಿಲ್ಲ, ಅದಕ್ಕೆ ಇದ್ದದ್ದು ಬರೆಯುತ್ತೇನೆ. ನನ್ನ ಸಂಬಳ ಬರುತ್ತಿದೆ. ಸಂಜೆಯ ಹಾಲು ನಿಲ್ಲಿಸಿದ್ದೇವೆ. ದೊಡ್ಡವಳು ಶಾಲೆಯ ಪ್ರವಾಸಕ್ಕೆ ಕೊಟ್ಟಿದ್ದ ಹೆಸರನ್ನು ತಾನಾಗಿಯೇ ವಾಪಸ್ ತೆಗೆದುಕೊಂಡು ಬಂದಳು. ನಿನ್ನ ಭಾವ ಬೆಳಿಗ್ಗೆ ಐದೂವರೆಗೆ ಎದ್ದು ಶೇವ್ ಮಾಡಿಕೊಂಡು, ಶರಟು ಹಾಕಿಕೊಂಡು ಕೂರುತ್ತಾರೆ. ಇದು ಊರಿಗೆ ಹೇಳುವ ಕಷ್ಟವಲ್ಲ, ನಿನಗೆ ಅಂತ ಬರೆದೆ.

ಚಿಕ್ಕವನಿದ್ದಾಗ ಒಂದು ನಾಯಿ ಬೊಗಳಿದರೆ ಹತ್ತು ನಾಯಿ ಅಟ್ಟಿಸಿಕೊಂಡು ಬಂದವು ಅನ್ನುತ್ತಿದ್ದೆ ನೀನು. ಅಪ್ಪ ನಿನಗೆ ‘ಹತ್ತುಪಟ್ಟು’ ಅಂತಲೇ ಹೆಸರಿಟ್ಟಿದ್ದರು. ಈಗ ಅದೇ ನಿನ್ನ ಹೊಟ್ಟೆಪಾಡು, ಇರಲಿ. ಆದರೆ ಈ ವಿಷಯದಲ್ಲಿ ಒಂದೇ ಪಟ್ಟು ಸಾಕಪ್ಪ.

ನಿನ್ನ,
ಅಕ್ಕ

*

ಮಾರ್ಚ್ 15

ಅಕ್ಕಾ,

ಕಾಗದ ಓದಿ ರಕ್ತ ಕುದಿಯಿತು. ಇದನ್ನು ಬಿಡುವ ಮಾತೇ ಇಲ್ಲ. ಏಪ್ರಿಲ್‌ನಲ್ಲಿ ನಮ್ಮ ಪ್ರಚಾರ ಶುರು. ಆರ್ಥಿಕ ಸ್ಥಿತಿಯ ಬಗ್ಗೆ ಎಂಟು ಪುಟದ ಕರಪತ್ರ ಬರೆಯುವ ಕೆಲಸ ನನ್ನ ತಲೆಗೇ ಬಿದ್ದಿದೆ. ನಿಮ್ಮ ಕಾರ್ಖಾನೆಯನ್ನು ಮೊದಲ ಪುಟಕ್ಕೇ ತಗೋತೀನಿ. ಆಡಳಿತ ಪಕ್ಷದವರು ಊರೂರಿಗೆ ಹೋಗಿ, ನಿರುದ್ಯೋಗ ಅನ್ನುವ ಪದವನ್ನೇ ನಿಘಂಟಿನಿಂದ ತೆಗೆದು ಹಾಕಿದ್ದೇವೆ ಅಂತ ರೈಲು ಬಿಡುತ್ತಿದ್ದಾರೆ. ಜನ ಚಪ್ಪಾಳೆ ತಟ್ಟುತ್ತಿದ್ದಾರೆ ಬೇರೆ.

ನನಗೆ ಅಂಕಿಗಳು ಬೇಕು. ಆ ಒಂದು ಕುಲುಮೆಯಿಂದ ಒಟ್ಟು ಎಷ್ಟು ಜನರಿಗೆ ಹೊಡೆತ ಬಿದ್ದಿದೆ? ಮನೆಯವರು, ಲಾರಿಯವರು, ಒಡೆದ ಗಾಜು ಆಯ್ದು ಮಾರುವವರು, ಗೇಟಿನ ಎದುರಿನ ಚಹಾ ಅಂಗಡಿ, ಎಲ್ಲ ಸೇರಿಸಿ ಒಂದು ಅಂದಾಜು ಹೇಳು. ನಿನ್ನ ಕೆಲಸವೇ ಅದಲ್ಲವೇ? ಬೆಲೆಗಳ ವಿಷಯವೂ ಏನಾದರೂ ಇದ್ದರೆ ಕಳಿಸು. ಬೇಗ.

ಸಮಿತಿಯಲ್ಲಿರುವ ನಮ್ಮ ಇಬ್ಬರಿಗೂ ಖಂಡಿತ ಹೇಳುತ್ತೇನೆ. ಭಾವನಿಗೆ ಧೈರ್ಯ ಹೇಳು.

ನಿನ್ನ ತಮ್ಮ

*

ಮಾರ್ಚ್ 27

ಪ್ರೀತಿಯ ತಮ್ಮನಿಗೆ,

ನನ್ನ ಕೆಲಸ ಅಂದಾಜು ಮಾಡುವುದಲ್ಲ. ಹದಿನಾಲ್ಕು ವರ್ಷದಿಂದ ಅಂಕಿಅಂಶ ಕಚೇರಿಗೆ ದರ ಬರೆದುಕೊಂಡು ಬರುತ್ತಿದ್ದೇನೆ. ಅದೇ ಮೂವತ್ತೆರಡು ಅಂಗಡಿ, ಅದೇ ಸಾಬೂನು, ಅದೇ ಅಳತೆಯ ಎಣ್ಣೆ. ಅಂಗಡಿಯವರು ‘ರೇಟಕ್ಕ ಬಂದ್ರು’ ಅಂತ ದಾರಿ ಬಿಡುತ್ತಾರೆ. ಆ ದಿನ ಆ ಸಾಬೂನು ಇಲ್ಲದಿದ್ದರೆ ‘ಸಿಗಲಿಲ್ಲ’ ಅಂತ ಬರೆಯಬೇಕು. ಹೋದ ತಿಂಗಳ ದರವನ್ನೇ ಹಾಕುವ ಹಾಗಿಲ್ಲ, ಪಕ್ಕದಂಗಡಿಯವನು ಹೇಳಿದ್ದನ್ನು ಹಾಕುವ ಹಾಗಿಲ್ಲ. ನನ್ನ ಜೊತೆ ಸೇರಿದ ಒಬ್ಬಳು ಮರದ ಕೆಳಗೆ ಕೂತು ಇಡೀ ಫಾರಂ ತುಂಬಿ ಸಿಕ್ಕಿಬಿದ್ದು ಮನೆಗೆ ಹೋದಳು.

ಹಾಗಾಗಿ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬಲ್ಲೆ. ಕೆಲಸ ಕಳೆದುಕೊಂಡವರು ತೊಂಬತ್ತನಾಲ್ಕು. ಅರ್ಜಿಯಲ್ಲಿರುವ ಸಹಿಗಳನ್ನು ನಾನೇ ಎಣಿಸಿದ್ದೇನೆ. ಅವರಲ್ಲಿ ಅರವತ್ತೊಂದು ಮನೆಗಳಿಗೆ ಆ ಒಂದೇ ಸಂಬಳ. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡೆ. ಚಹಾ ಅಂಗಡಿಯವನನ್ನೂ ಕೇಳಿದೆ. ‘ಬೆಳಗ್ಗೆ ಹೊತ್ತು ವ್ಯಾಪಾರ ಕಮ್ಮಿ ಆಗಿದೆ ಅಕ್ಕಾ, ಮಿಕ್ಕ ಹೊತ್ತು ಅಷ್ಟೇ ಇದೆ’ ಅಂದ. ಲಾರಿಯವರ ವಿಷಯ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರಿ.

ಬೆಲೆ ಬೇಕಾದರೆ ಒಂದು ವಿಷಯ ಹೇಳುತ್ತೇನೆ, ಇದು ಕಚೇರಿಯೇ ಪ್ರಕಟಿಸಿದ್ದು, ಗುಟ್ಟೇನಲ್ಲ. ನಮ್ಮ ಬೇಕರಿಯ ಬ್ರೆಡ್ಡಿನ ಬೆಲೆ ಒಂದೂವರೆ ವರ್ಷದಿಂದ ಹಾಗೇ ಇದೆ. ಆದರೆ ನಾನೂರು ಗ್ರಾಂ ಇದ್ದದ್ದು ಮುನ್ನೂರ ನಲವತ್ತಾಗಿದೆ. ಜನ ಮನೆಗೆ ತಂದು, ಎರಡು ತುಂಡು ಯಾಕೆ ಕಡಿಮೆಯಾಯಿತು ಅಂತ ಮಕ್ಕಳ ಮೇಲೆ ಅನುಮಾನ ಪಡುತ್ತಿದ್ದಾರೆ. ಇದಕ್ಕಿಂತ ದೊಡ್ಡ ಮಾತು ನಿನಗೆ ಇನ್ನೇನು ಬೇಕು? ಹೀಗೇ ಬರಿ. ಓದಿದವರು ಹೋಗಿ ತಕ್ಕಡಿಗೆ ಹಾಕಿ ನೋಡಲಿ, ನಿನ್ನ ಮಾತು ನಿಜವಾಗುತ್ತದೆ.

ಅಂಕಿ ಹೆಚ್ಚಿಸಿದರೆ ಕಷ್ಟ ಹೆಚ್ಚು ಕಾಣುತ್ತದೆ ಅಂದುಕೊಳ್ಳಬೇಡ. ನಮಗೆ ಇರುವುದು ತೊಂಬತ್ತನಾಲ್ಕು ಸಹಿ, ಒಂದು ಕುಲುಮೆ. ಅಷ್ಟರ ಮೇಲೇ ನಿಂತಿದ್ದೇವೆ.

ಅಕ್ಕ

*

ಏಪ್ರಿಲ್ 30

ತಮ್ಮಾ,

ನಿನ್ನ ಕರಪತ್ರವನ್ನು ನಿನ್ನ ಭಾವ ಕ್ಷೌರದಂಗಡಿಯಲ್ಲಿ ಓದಿದರು. ನೀನಾಗಿ ಒಂದು ಪ್ರತಿ ಕಳಿಸಿರಲಿಲ್ಲ. ಯಾಕೆ ಕಳಿಸಲಿಲ್ಲ ಅಂತ ಓದಿದ ಮೇಲೆ ತಿಳಿಯಿತು.

‘ಬಾಟಲಿ ಕಾರ್ಖಾನೆಗೆ ಬೀಗ! ಬೀದಿಗೆ ಬಿದ್ದ ಐದು ಸಾವಿರ ಕಾರ್ಮಿಕರು!’ ಯಾವ ಕಾರ್ಖಾನೆಗೋ ಬೀಗ? ಈ ಕಾಗದ ಬರೆಯುತ್ತಿರುವ ಕಿಟಕಿಯಿಂದ ನನಗೆ ಅದರ ಚಿಮಣಿ ಕಾಣುತ್ತದೆ, ಹೊಗೆ ಕಾಣುತ್ತದೆ. ಐದು ಸಾವಿರ ಜನ ನಿಲ್ಲುವಷ್ಟು ಜಾಗವೂ ಅಲ್ಲಿಲ್ಲ. ಬ್ರೆಡ್ಡಿನ ಬೆಲೆ ಎರಡುಪಟ್ಟಾಗಿದೆಯಂತೆ. ಬೇಕರಿಯವನು ನಾನು ಹೋದಾಗ ಕರಪತ್ರವನ್ನು ಗಲ್ಲಾದ ಮೇಲೆ ಹರವಿ, ‘ಇದು ನಿಮ್ ತಮ್ಮ ಬರ್ದಿದ್ದಂತಲ್ಲ ರೇಟಕ್ಕಾ. ನಾನ್ ಯಾವಾಗ ಡಬಲ್ ಮಾಡ್ದೆ, ಹೇಳಿ?’ ಅಂತ ಎಲ್ಲರೆದುರು ಕೇಳಿದ. ತೂಕ ಕಡಿಮೆ ಮಾಡಿದ ಮನುಷ್ಯ ಈಗ ಎದೆ ಸೆಟೆಸಿ ನಿಂತಿದ್ದಾನೆ. ಅವನಿಗೆ ಆ ಪುಣ್ಯ ಕೊಟ್ಟವನು ನೀನು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಮೂರನೇ ಪುಟ ಸಹಿಸಲಾರೆ. ‘ಇಬ್ಬರು ಹೆಣ್ಣುಮಕ್ಕಳ ತಂದೆಯಾದ ಕುಲುಮೆಯ ಮೇಸ್ತ್ರಿಯೊಬ್ಬರ ಮನೆಯಲ್ಲಿ ಮೂರು ದಿನದಿಂದ ಒಲೆ ಉರಿದಿಲ್ಲ. ಹಸಿದ ಮಕ್ಕಳು ಶಾಲೆ ಬಿಟ್ಟಿದ್ದಾರೆ.’ ಒಂದನೇ ಕುಲುಮೆಗೆ ಮೇಸ್ತ್ರಿ ಅಂತ ಇದ್ದವರು ಒಬ್ಬರೇ, ಅವರಿಗೆ ಇಬ್ಬರು ಹೆಣ್ಣುಮಕ್ಕಳು ಅನ್ನುವುದು ಊರಿಗೆಲ್ಲ ಗೊತ್ತು. ನನ್ನ ಮನೆಯಲ್ಲಿ ಯಾವತ್ತು ಒಲೆ ಉರಿದಿಲ್ಲ? ಸಂಜೆಯ ಹಾಲು ನಿಲ್ಲಿಸಿದೆವು ಅಂತ ನಾನು ನಿನಗೆ ಬರೆದದ್ದನ್ನು ಕುದಿಸಿ ಕುದಿಸಿ ಇಲ್ಲಿಗೆ ತಂದೆಯಾ?

ಚಿಕ್ಕವಳ ತರಗತಿಯಲ್ಲಿ ಟೀಚರು ಎರಡು ಬಿಸ್ಕತ್ ಪೊಟ್ಟಣ ಕೊಟ್ಟು ಕಳಿಸಿದ್ದಾರೆ, ‘ಅಳಬೇಡ ಪುಟ್ಟಾ’ ಅಂತ. ಅವಳು ಅಳುತ್ತಿರಲಿಲ್ಲ. ಪೊಟ್ಟಣ ತಂದು ಅಪ್ಪನ ಮುಂದೆ ಇಟ್ಟು, ನಾವು ಬಡವರಾ ಅಂತ ಕೇಳಿದಳು. ನಿನ್ನ ಭಾವ ಎದ್ದು ಒಳಗೆ ಹೋದರು. ಮಾರನೆಯ ದಿನದಿಂದ ಶೇವ್ ಮಾಡುವುದು ಬಿಟ್ಟಿದ್ದಾರೆ.

ಇದನ್ನು ನಾನು ನಿನಗೆ ಬರೆಯುತ್ತಿರುವುದು ಬೈಯಲಿಕ್ಕಲ್ಲ. ಬೈಯುವುದಾದರೆ ಬಸ್ಸು ಹತ್ತಿ ಬರುತ್ತಿದ್ದೆ. ಸಮಿತಿ ಬರಲು ಇನ್ನು ಆರು ವಾರ ಇದೆ. ಅಷ್ಟರಲ್ಲಿ ಒಂದು ತಿದ್ದುಪಡಿ ಹಾಕಿಸು. ‘ಒಂದು ಕುಲುಮೆ, ತೊಂಬತ್ತನಾಲ್ಕು ಜನ’ ಅಂತ ನಾಲ್ಕೇ ಪದ. ಕಾಲು ಹಿಡಿಯಬೇಕೆಂದರೆ ಹಿಡಿಯುತ್ತೇನೆ.

ಅಕ್ಕ

*

ಮೇ 8

ಅಕ್ಕಾ,

ನೀನು ಏನು ಬೇಕಾದರೂ ಅನ್ನು, ಕೇಳಿಸಿಕೊಳ್ಳುತ್ತೇನೆ. ಆದರೆ ನನ್ನ ಮಾತೂ ಕೇಳು.

ನಾನು ಮೊದಲು ಬರೆದುಕೊಟ್ಟ ಕರಡಿನಲ್ಲಿ ತೊಂಬತ್ತನಾಲ್ಕು ಅಂತಲೇ ಇತ್ತು. ನಾಯಕರು ಓದಿ, ಕನ್ನಡಕ ತೆಗೆದು, ‘ಇಷ್ಟೇನಾ?’ ಅಂದರು. ಆ ಕೋಣೆಯಲ್ಲಿ ಹನ್ನೆರಡು ಜನ ಇದ್ದೆವು. ನನಗೆ ಅವಮಾನವಾಯಿತು ಅಕ್ಕಾ, ಭಾವನ ಪರವಾಗಿ ಅವಮಾನವಾಯಿತು. ವಾಪಸ್ ಬಂದು ಲೆಕ್ಕ ಹಾಕಿದೆ. ನಾನೂರ ಹನ್ನೆರಡು ಜನ, ಮನೆಗೆ ಐದು ಅಂದರೆ ಎರಡು ಸಾವಿರ. ಲಾರಿಯವರು, ಗಾಜು ಆಯುವವರು, ಅಂಗಡಿಯವರು, ಅವರ ಮನೆಯವರು. ಎಲ್ಲ ಸೇರಿ ಸುಮಾರು ಐದು ಸಾವಿರ. ‘ಐದು ಸಾವಿರ ಬದುಕುಗಳ ಮೇಲೆ ಕರಿನೆರಳು’ ಅಂತ ಬರೆದೆ. ಅದು ಸುಳ್ಳಲ್ಲ. ಮೇಲಿನವರು ಅದನ್ನು ಕಾರ್ಮಿಕರು ಅಂತ ಮಾಡಿದರು. ಬೀಗ ಅನ್ನುವುದನ್ನು ಯಾರು ಸೇರಿಸಿದರೋ ನನಗೆ ಗೊತ್ತಿಲ್ಲ.

ಮೂರನೇ ಪುಟ ನನ್ನದೇ. ತಪ್ಪಾಯಿತು. ಭಾವ ಅಂತ ಗುರುತು ಸಿಗುತ್ತದೆ ಅನ್ನುವುದು ಹೊಳೆಯಲಿಲ್ಲ.

ಆದರೂ ಹೇಳು, ನಾನೇನು ಮಾಡಬೇಕಿತ್ತು? ಅವರು ದೊಡ್ಡ ಮೈಕ್ ಇಟ್ಟುಕೊಂಡು ಜನರ ಕಿವಿಯಲ್ಲಿ ಹೂ ಇಡುತ್ತಿರುವಾಗ ನಾನು ಬ್ರೆಡ್ಡಿನ ಗ್ರಾಂ ಹೇಳುತ್ತ ನಿಲ್ಲಲೇ? ಹೋದ ಚುನಾವಣೆಯಲ್ಲಿ ನಾವು ಇದ್ದದ್ದು ಇದ್ದ ಹಾಗೆ ಹೇಳಿ ಹೇಳಿಯೇ ಸೋತದ್ದು. ಕಿವುಡರೆದುರು ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತದೆ. ಈಗ ತಿದ್ದುಪಡಿ ಹಾಕಿದರೆ ಎದುರಾಳಿಗಳು ಉಳಿದ ಏಳು ಪುಟವನ್ನೂ ಸುಳ್ಳು ಅನ್ನುತ್ತಾರೆ. ಪಕ್ಷ ಒಪ್ಪುವುದಿಲ್ಲ.

ಸಮಿತಿಯ ನಮ್ಮವರಿಗೆ ಹೇಳಿದ್ದೇನೆ. ಕುಲುಮೆ ನೋಡೇ ನೋಡುತ್ತಾರೆ. ನೀನು ಚಿಂತೆ ಮಾಡಬೇಡ.

ತಮ್ಮ

*

ಜೂನ್ 24

ತಮ್ಮಾ,

ಸಮಿತಿ ಬಂದು ಹೋಯಿತು. ನಿಮ್ಮವರು ಹೇಗೆ ಹೇಳಿದರೋ ಗೊತ್ತಿಲ್ಲ, ನಾನು ಕಂಡದ್ದನ್ನು ಬರೆಯುತ್ತೇನೆ. ರಜೆ ಹಾಕಿ ಗೇಟಿನ ಹತ್ತಿರ ನಿಂತಿದ್ದೆ, ಅವತ್ತು ಅರ್ಜಿ ಹಾಕಿದವರನ್ನೂ ಮನೆಯವರನ್ನೂ ಒಳಗೆ ಬಿಟ್ಟರು, ಸಮಿತಿಯವರ ಹಿಂದೆಯೇ ಹೋದೆ.

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಐದು ಕಾರು ಬಂದವು. ಹಿಂದೆ ಕ್ಯಾಮೆರಾದವರ ವ್ಯಾನು. ಆಡಳಿತ ಪಕ್ಷದವರಾದ ಸಮಿತಿಯ ಅಧ್ಯಕ್ಷರ ಕೈಯಲ್ಲಿ ನಮ್ಮ ಅರ್ಜಿ ಇರಲಿಲ್ಲ, ನಿನ್ನ ಕರಪತ್ರ ಇತ್ತು. ಸೀದಾ ಎರಡನೇ ಕುಲುಮೆಗೆ ಹೋದರು. ಕೆಂಪಗೆ ಕಾದ ಬಾಟಲಿಗಳು ಸಾಲಾಗಿ ಬರುತ್ತಿದ್ದವು. ಅಧ್ಯಕ್ಷರು ಅವುಗಳ ಮುಂದೆ ನಿಂತು ಕರಪತ್ರ ಎತ್ತಿ ಹಿಡಿದು, ‘ನೋಡ್ರಪ್ಪ, ಬೀಗ ಹಾಕಿರೋ ಕಾರ್ಖಾನೆ ಇದು!’ ಅಂದರು. ಎಲ್ಲರೂ ನಕ್ಕರು. ಕೆಲಸದಲ್ಲಿದ್ದವರೂ ನಕ್ಕರು, ಪಾಪ, ಅವರಿಗೆ ನಗದೆ ವಿಧಿಯಿರಲಿಲ್ಲ. ಮ್ಯಾನೇಜರು ಹಾಜರಿ ಪುಸ್ತಕ ತಂದು ಕೊಟ್ಟರು. ‘ಐದು ಸಾವಿರ ಜನ ಎಲ್ಲಿ ಸ್ವಾಮಿ? ಶುರುವಾದ ದಿನದಿಂದ ಇವತ್ತಿನವರೆಗೆ ಸೇರಿಸಿದ್ರೂ ಅಷ್ಟ್ ಜನ ಇಲ್ಲ’ ಅಂದರು. ಅದು ನಿಜವೂ ಹೌದು. ನಿಮ್ಮ ಪಕ್ಷದ ಇಬ್ಬರೂ ಒಂದು ಮಾತು ಆಡಲಿಲ್ಲ. ಒಬ್ಬರು ಫೋನ್ ನೋಡುತ್ತಿದ್ದರು, ಇನ್ನೊಬ್ಬರು ಬಾಟಲಿ ನೋಡುತ್ತಿದ್ದರು.

ನಿನ್ನ ಭಾವ ಒಂದನೇ ಕುಲುಮೆಯ ಹತ್ತಿರ ಕಾಯುತ್ತಿದ್ದರು. ಅಂದು ಬೆಳಿಗ್ಗೆ ಮತ್ತೆ ಶೇವ್ ಮಾಡಿಕೊಂಡಿದ್ದರು. ಇಣುಕು ಕಿಂಡಿಯ ಮುಚ್ಚಳ ತೆಗೆದು, ಒಳಗೆ ಬೆಳಕು ಬೀಳುವ ಹಾಗೆ ದೀಪದ ವ್ಯವಸ್ಥೆ ಮಾಡಿ, ತೊಂಬತ್ತನಾಲ್ಕು ಹೆಸರಿನ ಪಟ್ಟಿ ಹಿಡಿದು ನಿಂತಿದ್ದರು. ಎರಡನೇ ಕುಲುಮೆಯಿಂದ ಅಲ್ಲಿಗೆ ಒಂದು ಗೋಡೆ ಅಡ್ಡ. ಸಮಿತಿಯವರು ಹೊರಟುಹೋದ ಮೇಲೆ ನಾನು ಹೆಜ್ಜೆ ಹಾಕಿ ಎಣಿಸಿದೆ, ಇಪ್ಪತ್ಮೂರು ಹೆಜ್ಜೆ. ನಮ್ಮವರಲ್ಲಿ ಒಬ್ಬರು ಓಡಿಬಂದು, ‘ಸಾರ್, ಇಲ್ಲೇ ಪಕ್ಕದಲ್ಲೇ ಇದೆ, ಒಂದ್ ನಿಮಿಷ ಬಂದ್ ನೋಡಿ’ ಅಂತ ಅಂಗಲಾಚಿದರು. ಅಧ್ಯಕ್ಷರು, ‘ಏನ್ ನೋಡೋದಿದೆ? ಇನ್ನೂ ಐದು ಸಾವಿರ ಜನ ಅಲ್ಲಿ ಕೂತಿದಾರಾ?’ ಅಂದರು. ಮತ್ತೆ ನಗು. ಕಾರು ಹತ್ತಿದರು. ಒಟ್ಟು ಮೂವತ್ತೈದು ನಿಮಿಷ.

ವರದಿಯಲ್ಲಿ ಒಂದೇ ಸಾಲು ಬಂದಿದೆ: ‘ದೂರು ಉತ್ಪ್ರೇಕ್ಷಿತವಾಗಿದ್ದು ಪರಿಗಣನೆಗೆ ಅರ್ಹವಲ್ಲ.’ ನಮ್ಮ ದೂರಿನಲ್ಲಿ ಒಂದು ಅಕ್ಷರ ಹೆಚ್ಚಿರಲಿಲ್ಲ ತಮ್ಮಾ. ಅದನ್ನು ನಾನೇ ಕೂತು ಬರೆದಿದ್ದೆ, ಮೂರು ಸಲ ಓದಿ ಒಂದು ‘ತುಂಬಾ’ ಅನ್ನುವ ಪದವನ್ನೂ ಹೊಡೆದು ಹಾಕಿದ್ದೆ. ಅವರು ನಮ್ಮ ದೂರನ್ನು ಓದಲೇ ಇಲ್ಲ. ನಿನ್ನದನ್ನು ಓದಿ ನಮ್ಮದನ್ನು ತಳ್ಳಿ ಹಾಕಿದರು.

ಮಾರನೇ ದಿನವೇ ಕಂಪನಿಯವರು ಸುತ್ತಿಗೆಯವರನ್ನು ಕರೆಸಿದರು. ನಾಲ್ಕು ದಿನದಲ್ಲಿ ಒಂದನೇ ಕುಲುಮೆಯನ್ನು ಒಳಗಿನ ಗಾಜಿನ ಸಮೇತ ಒಡೆದು ಲಾರಿಗೆ ತುಂಬಿ ಸಾಗಿಸಿದರು. ಇನ್ನು ತೋರಿಸಲು ಏನೂ ಉಳಿದಿಲ್ಲ. ನಿನ್ನ ಭಾವ ರಸ್ತೆಯ ಈಚೆ ನಿಂತು ನಾಲ್ಕು ದಿನವೂ ನೋಡಿದರು.

ಕಿವುಡರೆದುರು ಜೋರಾಗಿ ಮಾತಾಡಬೇಕು ಅಂದಿದ್ದೆ. ಅವರು ಕಿವುಡರಾಗಿರಲಿಲ್ಲ ಕಣೋ. ಅವರಿಗೆ ನೆಪ ಬೇಕಿತ್ತು. ಅಚ್ಚುಮಾಡಿಸಿ ಕೊಟ್ಟೆ.

ಇಷ್ಟೇನಾ ಅಂದರಲ್ಲ ನಿಮ್ಮ ನಾಯಕರು, ಹೌದು, ಇಷ್ಟೇ.

ಅಕ್ಕ

*

ಅಕ್ಟೋಬರ್ 21

ಅಕ್ಕಾ,

ನಾಲ್ಕು ತಿಂಗಳು ಬರೆಯಲಿಲ್ಲ. ಏನಂತ ಬರೆಯಲಿ? ನಿನ್ನ ಜೂನ್ ಕಾಗದ ನನ್ನ ಚೀಲದಲ್ಲೇ ಇದೆ. ಪ್ರಚಾರದ ಉದ್ದಕ್ಕೂ ಇತ್ತು.

ನಾವು ಗೆದ್ದದ್ದು ನಿನಗೆ ಗೊತ್ತು. ನನ್ನನ್ನು ಕೈಗಾರಿಕಾ ಸಚಿವರ ಕಚೇರಿಗೆ ತೆಗೆದುಕೊಂಡಿದ್ದಾರೆ, ಹೇಳಿಕೆಗಳನ್ನು ಬರೆಯುವ ಕೆಲಸ. ಕೈಗೆ ಅಧಿಕಾರ ಬಂದಾಗ ಮೊದಲು ನಿಮ್ಮ ಕಾರ್ಖಾನೆಯ ಕೆಲಸ ಮಾಡಿಸಬೇಕು ಅಂತ ನಾನು ಪಟ್ಟು ಹಿಡಿದೆ. ಸಚಿವರು ಒಪ್ಪಿದ್ದಾರೆ. ನವೆಂಬರ್ ಹದಿನಾಲ್ಕಕ್ಕೆ ಅವರೇ ಬರುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಸಿಟ್ಟಾಗಬಾರದು. ಕಾರ್ಯಕ್ರಮದ ಹೆಸರು ‘ಮುಚ್ಚಿದ ಕಾರ್ಖಾನೆಯ ಪುನರಾರಂಭ’. ಕಾರ್ಖಾನೆ ಮುಚ್ಚಿದೆ ಅಂತ ಪಕ್ಷ ಊರೆಲ್ಲ ಹೇಳಿದೆ. ಈಗ ಅದು ನಡೆಯುತ್ತಿದೆ. ಹಾಗಾಗಿ ತೆರೆಸಿದವರು ನಾವೇ ಅಂತಾಯಿತು. ಐದು ಸಾವಿರ ಜನರಿಗೆ ಕೆಲಸ ವಾಪಸ್ ಅಂತ ಫಲಕ ಬರುತ್ತದೆ. ನಾನು ಬೇಡ ಅಂದೆ, ನಂಬಿದರೆ ನಂಬು. ಕರಪತ್ರದ ಅಂಕಿಯನ್ನು ಈಗ ತಿದ್ದಿದರೆ ನಾವು ಅವತ್ತು ಸುಳ್ಳು ಹೇಳಿದ್ದೆವು ಅಂತಾಗುತ್ತದಲ್ಲ ಅಂದರು.

ಆದರೆ ಇದರಲ್ಲಿ ಒಂದು ಒಳ್ಳೆಯದಿದೆ. ವೇದಿಕೆಯ ಮೇಲೆ ಕೆಲಸ ವಾಪಸ್ ಸಿಕ್ಕ ಕಾರ್ಮಿಕ ಅಂತ ಒಬ್ಬರು ನಿಲ್ಲಬೇಕು. ಭಾವನ ಹೆಸರು ಕೊಟ್ಟಿದ್ದೇನೆ. ಕಂಪನಿಯವರ ಹತ್ತಿರವೂ ಮಾತಾಡಿದ್ದೇನೆ. ಎರಡನೇ ಕುಲುಮೆಯಲ್ಲಿ ಭಾವನಿಗೆ ನಿಜವಾಗಿಯೂ ಕೆಲಸ ಕೊಡುತ್ತಾರೆ, ಬಾಯಿಮಾತಲ್ಲ, ಆದೇಶದ ಪತ್ರ ನಾನೇ ನೋಡಿದೆ. ಎರಡು ನಿಮಿಷ ನಿಂತು, ಬರೆದುಕೊಟ್ಟ ನಾಲ್ಕು ಸಾಲು ಓದಿದರೆ ಸಾಕು. ಅಕ್ಕಾ, ನಾನು ಮಾಡಿದ್ದಕ್ಕೆ ನಾನು ಕೊಡಬಹುದಾದದ್ದು ಇಷ್ಟೇ. ದಯವಿಟ್ಟು ಒಪ್ಪಿಸು.

ನಿನ್ನ ತಮ್ಮ

*

ನವೆಂಬರ್ 2

ಸಚಿವರ ಕಚೇರಿಯಲ್ಲಿರುವ ನನ್ನ ಹೆಂಡತಿಯ ತಮ್ಮನವರಿಗೆ,

ಇಷ್ಟು ವರ್ಷ ನಿನ್ನನ್ನು ನೀನು ಅಂತಲೇ ಕರೆದೆ, ಹೆಗಲ ಮೇಲೆ ಹೊತ್ತು ತಿರುಗಾಡಿದ್ದೆ. ಈಗ ಸರ್ಕಾರದಲ್ಲಿದ್ದೀರಿ, ನೀವು ಅನ್ನುತ್ತೇನೆ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನಿಮ್ಮ ಅಕ್ಕ ತಿದ್ದುತ್ತಾಳೆ. ಆದರೆ ಇದನ್ನು ಅವಳಿಗೆ ತೋರಿಸದೆ ಹಾಕುತ್ತಿದ್ದೇನೆ.

ನೀವು ಕಳಿಸಿದ ನಾಲ್ಕು ಸಾಲು ಓದಿದೆ. ‘ನನ್ನ ಮಕ್ಕಳು ಹಸಿವಿನಿಂದ ಅಳುತ್ತಿದ್ದರು, ಸಚಿವರು ನಮ್ಮ ಕಣ್ಣೀರು ಒರೆಸಿದರು’ ಅಂತ ಇದೆ. ನನ್ನ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಇದನ್ನು ಕೇಳಬೇಕೇ?

ಕೆಲಸ ಬೇಡ ಅನ್ನುವಷ್ಟು ದೊಡ್ಡವನಲ್ಲ ನಾನು. ಬರುತ್ತೇನೆ. ವೇದಿಕೆ ಹತ್ತುತ್ತೇನೆ. ಆದರೆ ನಿಮ್ಮ ನಾಲ್ಕು ಸಾಲು ಓದುವುದಿಲ್ಲ. ನನಗೆ ಐದು ನಿಮಿಷ ಮೈಕ್ ಕೊಡಿ, ತೊಂಬತ್ತನಾಲ್ಕು ಹೆಸರು ಓದಿ ಇಳಿಯುತ್ತೇನೆ. ಯಾರನ್ನೂ ಬೈಯುವುದಿಲ್ಲ, ಏನನ್ನೂ ಕೇಳುವುದಿಲ್ಲ. ಬರೀ ಹೆಸರು. ಇದಕ್ಕೆ ಸಚಿವರು ಒಪ್ಪಿದರೆ ತಿಳಿಸಿ.

ಇಂತಿ,
ಒಂದನೇ ಕುಲುಮೆಯ ಮೇಸ್ತ್ರಿ

*

ಫೆಬ್ರವರಿ 9

ತಮ್ಮಾ,

ಹೊಸ ವಿಳಾಸ ಮೇಲೆ ಬರೆದಿದ್ದೇನೆ. ಬರಲಿ ಅಂತ ಅಲ್ಲ, ಗೊತ್ತಿರಲಿ ಅಂತ.

ನಿನ್ನ ಭಾವ ನನಗೆ ತೋರಿಸದೆ ಹಾಕಿ, ಆಮೇಲೆ ಹೇಳಿದ ಕಾಗದಕ್ಕೆ ನೀನು ಉತ್ತರ ಕೊಡಲಿಲ್ಲ. ನವೆಂಬರ್ ಹದಿನಾಲ್ಕರವರೆಗೂ ಅವರು ಪೋಸ್ಟಿನವರು ಬರುವ ಹೊತ್ತಿಗೆ ಬಾಗಿಲಲ್ಲಿ ಇರುತ್ತಿದ್ದರು. ಕಾರ್ಯಕ್ರಮಕ್ಕೆ ನಾವಿಬ್ಬರೂ ಹೋಗಿದ್ದೆವು, ಹಿಂದೆ ನಿಂತಿದ್ದೆವು, ನೀನು ನೋಡಿದೆ, ನಾನೂ ನೋಡಿದೆ. ವೇದಿಕೆ ಹಾಕಿದ್ದು ಒಂದನೇ ಕುಲುಮೆ ಇದ್ದ ಜಾಗದಲ್ಲಿ. ಅನುಕೂಲವಾಗಿ ಖಾಲಿ ಇತ್ತಲ್ಲ. ನಾಲ್ಕು ಸಾಲು ಓದಿದ್ದು ಪ್ಯಾಕಿಂಗ್ ವಿಭಾಗದವನು. ಅವನ ಕೆಲಸ ಒಂದು ದಿನವೂ ಹೋಗಿರಲಿಲ್ಲ, ಅವನಿಗೆ ಮದುವೆಯೂ ಆಗಿಲ್ಲ. ‘ನನ್ನ ಮಕ್ಕಳು’ ಅಂದಾಗ ಅವನ ಜೊತೆಯವರು ಶಿಳ್ಳೆ ಹಾಕಿದರು. ಸಚಿವರಿಗೆ ಅದು ಮೆಚ್ಚುಗೆಯ ಶಿಳ್ಳೆ ಅನ್ನಿಸಿರಬೇಕು, ಕೈ ಬೀಸಿದರು.

ಆಮೇಲೆ ನಮ್ಮವರು ಇನ್ನೊಂದು ಅರ್ಜಿ ಹಾಕಿದರು, ಈ ಸಲ ನಿಮ್ಮ ಸರ್ಕಾರಕ್ಕೆ. ಎಂಟೇ ದಿನದಲ್ಲಿ ಉತ್ತರ ಬಂತು: ‘ಸದರಿ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ ಕೆಲಸ ಮರಳಿ ದೊರೆತಿರುವುದರಿಂದ...’ ಭಾಷೆ ನಿನ್ನದೇ ಇರಬೇಕು, ವ್ಯಾಕರಣ ಶುದ್ಧವಾಗಿತ್ತು. ಹಿಂದಿನವರ ಪ್ರಕಾರ ನಮ್ಮ ಕೆಲಸ ಹೋಗಿಯೇ ಇರಲಿಲ್ಲ. ನಿಮ್ಮ ಪ್ರಕಾರ ಅದು ವಾಪಸ್ ಬಂದಿದೆ.

ನಾನು ವರ್ಗಾವಣೆ ಕೇಳಿಕೊಂಡೆ. ಅಲ್ಲಿನ ಅಂಗಡಿಗಳಲ್ಲಿ ನಾನು ಫಾರಂ ತೆಗೆದರೆ, ‘ಎಷ್ಟಾದ್ರೂ ಬರ್ಕೊಳಿ ರೇಟಕ್ಕಾ, ಹೇಗೂ ತಮ್ಮ ಡಬಲ್ ಮಾಡ್ತಾರಲ್ಲ’ ಅನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದರು. ಹದಿನಾಲ್ಕು ವರ್ಷ ನಾನು ಸಂಪಾದಿಸಿದ್ದು ಅದೊಂದೇ, ನಾನು ಬರೆದದ್ದು ಸರಿಯಿರುತ್ತದೆ ಅನ್ನುವ ಮಾತು. ಇಲ್ಲಿ ಅಂಗಡಿಗಳೆಲ್ಲ ಹೊಸವು, ಯಾರಿಗೂ ನಾನು ಯಾರು ಅಂತ ಗೊತ್ತಿಲ್ಲ.

ನಿನ್ನ ಭಾವನಿಗೆ ಬಣ್ಣದ ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿದೆ. ನಾಲ್ಕನೇ ಕಡೆ ಕೇಳಿದಾಗ ಸಿಕ್ಕಿತು. ಮೊದಲ ಮೂರು ಕಡೆ ಯಾಕೆ ಸಿಗಲಿಲ್ಲ ಅಂತ ಅವರು ನನಗೆ ಹೇಳಿರಲಿಲ್ಲ. ಹೋದ ವಾರ ಹೇಳಿದರು. ‘ಎಷ್ಟ್ ಜನಾನ ತೆಗೆದ್ರು ಅಂತ ಕೇಳ್ತಾರೆ. ನಾನೂರ ಹನ್ನೆರಡ್ರಲ್ಲಿ ತೊಂಬತ್ನಾಲ್ಕು ಅಂದ್ರೆ, ಮಿಕ್ಕೋರನ್ನ ಇಟ್ಕೊಂಡ್ರಲ್ಲಾ, ನಿಮ್ಮನ್ನೇ ಯಾಕ್ ತೆಗೆದ್ರು ಅಂತಾರೆ. ಕುಡೀತಾನೋ, ಕದೀತಾನೋ ಅನ್ನೋ ಹಾಗೆ ಮುಖ ನೋಡ್ತಾರೆ. ನಾಲ್ಕನೇ ಕಡೆ ಬೇರೆ ಹೇಳ್ದೆ’ ಅಂದರು. ಏನು ಹೇಳಿದಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಿನ್ನೆ ಮಧ್ಯಾಹ್ನ ಮನೆ ಮಾಲೀಕರು ಹೆಂಡತಿಯನ್ನು ಕರೆದುಕೊಂಡು ನಮ್ಮನ್ನು ನೋಡಲು ಬಂದಿದ್ದರು. ಒಳ್ಳೆಯ ಜನ. ನಾನು ಚಹಾ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದೆ. ಮಾಲೀಕರು, ‘ಅಷ್ಟ್ ವರ್ಷ ಇದ್ದ ಊರು ಯಾಕ್ ಬಿಟ್ರಿ?’ ಅಂತ ಕೇಳಿದರು. ನಿನ್ನ ಭಾವ ನನ್ನ ಕಡೆ ನೋಡದೆ, ‘ಕಾರ್ಖಾನೆಗೇ ಬೀಗ ಹಾಕ್ಬಿಟ್ರು ಸಾರ್. ಐದು ಸಾವಿರ ಜನ ಬೀದಿಗೆ ಬಂದ್ವಿ’ ಅಂದರು. ತಡವರಿಸಲಿಲ್ಲ. ಎಷ್ಟೋ ಸಲ ಹೇಳಿ ಅಭ್ಯಾಸವಾದವರ ಹಾಗೆ ಹೇಳಿದರು. ಮಾಲೀಕರು ತಲೆ ಮೇಲೆ ಕೈಯಿಟ್ಟುಕೊಂಡು, ‘ಅಯ್ಯೋ ಪಾಪ’ ಅಂದರು.

ಚಿಕ್ಕವಳು ಅಲ್ಲೇ ನೆಲದ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ತಲೆಯೆತ್ತಿ ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ಮಗುವಿಗೆ ತೊಂಬತ್ತನಾಲ್ಕು ಹೆಸರೂ ಬಾಯಿಪಾಠ ಬರುತ್ತದೆ, ಅರ್ಜಿಯ ಪ್ರತಿ ಮಾಡುವಾಗ ನನಗೆ ಓದಿ ಹೇಳಿದವಳು ಅವಳೇ.

ಮಾಲೀಕರ ಹೆಂಡತಿ ನನ್ನ ಕೈಯಿಂದ ಲೋಟ ತೆಗೆದುಕೊಳ್ಳುತ್ತ, ‘ಐದು ಸಾವಿರಾನಾ ಅಮ್ಮಾ? ನಿಜವಾಗ್ಲೂ?’ ಅಂತ ಕೇಳಿದರು.

ಹೌದು ಅಂದೆ.

ಅಕ್ಕ